ಬಾಬುರಾವ್ ಕಾಕಾನ ಇನ್ನೂರ ಮೂವತ್ತೊಂದು ತಪ್ಪುಗಳು

ಇಂದು ಬೆಳಿಗ್ಗೆ ಕಚೇರಿಯ ಕ್ಯಾಬ್ ಹತ್ತಿದಾಗ ಚಾಲಕ ರಟ್ಟಿಗೆ ಸಿಕ್ಕಿಸಿದ ಒಂದು ಹಾಳೆಯನ್ನು ಹಿಂದಕ್ಕೆ ಚಾಚಿ, "ಆ್ಯಪ್ ಪನಿಚೇಯಟ್ಲೇದು ಮೇಡಂ, ಸೈನ್ ಪೆಟ್ಟಂಡಿ" ಎಂದ. ಆ್ಯಪ್ ಕೆಟ್ಟು ಕೂತಿದೆ, ಆದ್ದರಿಂದ ಹಳೇ ಪದ್ಧತಿಯಂತೆ ಕಾಗದದ ಮೇಲೆ ಸಹಿ. ಹೆಸರು, ಹತ್ತಿದ ಜಾಗ, ಹತ್ತಿದ ಹೊತ್ತು, ಇಳಿದ ಹೊತ್ತು. ಟ್ರಿಪ್ ಶೀಟ್! ಅದನ್ನು ಕೈಯಲ್ಲಿ ಹಿಡಿದು ಎಷ್ಟು ವರ್ಷವಾಗಿತ್ತೋ. ಸಹಿ ಹಾಕಿದೆ. ಆಮೇಲೆ ಪಕ್ಕದಲ್ಲಿ ಕೂತವರು ಏನೆಂದುಕೊಂಡರೋ, ಹಾಳೆಯನ್ನು ಮಗುಚಿ ಹಿಂಬದಿ ನೋಡಿದೆ. ಖಾಲಿಯಿತ್ತು. ಟ್ರಿಪ್ ಶೀಟಿನ ಹಿಂಬದಿ ಖಾಲಿಯೇ ಇರಬೇಕು. ಆದರೆ ಒಂದು ಕಾಲದಲ್ಲಿ ಹೈದರಾಬಾದಿನ ನಾಚಾರಂನ ಎರಡು ಕೋಣೆಯ ಮನೆಯೊಂದರಲ್ಲಿ ಕೂತು, ಇಂಥ ಹಾಳೆಗಳ ಬೆನ್ನ ಮೇಲೆ ಒಬ್ಬ ಮನುಷ್ಯನ ತಪ್ಪುಗಳನ್ನು ವರ್ಷವಿಡೀ ಬರೆದಿಟ್ಟವಳು ನಾನು.

ನನಗೆ ಎಣಿಸುವ ಚಟವಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೆಟ್ಟಿಲು ಎಣಿಸುತ್ತೇನೆ. ಸಿಗ್ನಲ್ಲಿನಲ್ಲಿ ನಿಂತ ಸೆಕೆಂಡು ಎಣಿಸುತ್ತೇನೆ. ಒಂಬತ್ತನೇ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ, ಅದರಲ್ಲಿ ಭಾವನೆಗಳಿಗಿಂತ ಅಂಕಿಗಳೇ ಹೆಚ್ಚು. ಈಗ ಮಾದಾಪುರದಲ್ಲಿ ಟೆಸ್ಟಿಂಗ್ ಕೆಲಸ, ಎಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಸಂಖ್ಯೆ ಕೊಟ್ಟು, ತಾರೀಖು ಹಾಕಿ ಒಪ್ಪಿಸುವುದು. ಹನ್ನೊಂದನೇ ವಯಸ್ಸಿನಲ್ಲಿ ಇದೇ ಕೆಲಸವನ್ನು ಸಂಬಳವಿಲ್ಲದೆ ಮಾಡಿದ್ದೆ. ಆಗ ನಾನು ಪರೀಕ್ಷೆಗಿಟ್ಟದ್ದು ಬಾಬುರಾವ್ ಕಾಕಾನನ್ನು. ಅವರು ನನ್ನ ಮಲತಂದೆ.

ನನ್ನ ಅಪ್ಪ ಕಾಮಾಲೆಯಿಂದ ತೀರಿಕೊಂಡಾಗ ನನಗೆ ಏಳು ವರ್ಷ. ಹುಮನಾಬಾದಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆವು. ನಾಲ್ಕನೇ ಇಯತ್ತೆ ಮುಗಿಯುವವರೆಗೆ ಅಲ್ಲಿಯ ಕನ್ನಡ ಶಾಲೆ. ಆಮೇಲೆ ಅವ್ವ, ತನ್ನ ಕೈಯ ಹೊಲಿಗೆಯನ್ನು ನಂಬಿಕೊಂಡು ನನ್ನನ್ನೂ ಕರೆದುಕೊಂಡು ಹೈದರಾಬಾದಿಗೆ ಬಂದಳು. ಹಿಮಾಯತ್‌ನಗರದ ಒಂದು ಬ್ಲೌಸು ಹೊಲಿಯುವ ಅಂಗಡಿಯಲ್ಲಿ ಕೆಲಸ, ನಾಚಾರಂನಲ್ಲಿ ಬಾಡಿಗೆ ಮನೆ. ಅದೇ ಓಣಿಯಲ್ಲಿ ಬಾಬುರಾವ್ ಎಂಬ, ಔರಾದ್ ಕಡೆಯ, ಮದುವೆಯಿಲ್ಲದೆ ಮೂವತ್ತೆಂಟು ದಾಟಿದ ಡ್ರೈವರ್ ಇದ್ದರು. ಎರಡು ವರ್ಷದ ಮೇಲೆ ಅವ್ವ ಅವರನ್ನು ಮದುವೆಯಾದಳು. ನಾನು ಅವರನ್ನು ಕಾಕಾ ಎಂದೆ. ಇಂದಿಗೂ ಕಾಕಾ ಎಂದೇ ಕರೆಯುವುದು. ಅದನ್ನು ಬದಲಿಸಬೇಕೆಂದು ಅವರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಮದುವೆಗೆ ದೊಡ್ಡಪ್ಪ ಬಂದಿದ್ದ. ಒಳ್ಳೆಯ ಮನುಷ್ಯ, ತಮ್ಮನ ಹೆಂಡತಿ ಮತ್ತೆ ಮದುವೆಯಾಗುವುದಕ್ಕೆ ಅಡ್ಡ ಬರಲಿಲ್ಲ. ಒಂದೇ ಒಂದು ಕರಾರು ಹಾಕಿದ.

"ಹುಡುಗಿ ಒಂದ್ ವರ್ಷ ನಿಮ್ಮ ಬಲ್ಲಿ ಇರ್ಲಿ. ಮುಂದಿನ ಯುಗಾದಿಗಿ ನಾ ಬರ್ತೀನಿ. ಆಕಿ ಇಲ್ಲೇ ಇರ್ತೀನಂದ್ರ ಇಲ್ಲೇ. ಬರ್ತೀನಂದ್ರ ಕರ್ಕೊಂಡ್ ಹೋಗ್ತೀನಿ. ಯಾರೂ ಅಳೂದಿಲ್ಲ, ಯಾರೂ ಜಗಳಾಡೂದಿಲ್ಲ."

ಎಲ್ಲರೂ ಒಪ್ಪಿದರು. ನಾನು ಮಾತ್ರ ಆಗಲೇ ತೀರ್ಮಾನಿಸಿಯಾಗಿತ್ತು: ಹೋಗುವುದೇ. ಅಲ್ಲಿ ಅಪ್ಪನ ಫೋಟೋ ಇತ್ತು, ಅಪ್ಪನ ಸೈಕಲ್ಲಿತ್ತು, ದೊಡ್ಡಪ್ಪನ ಮಕ್ಕಳಿದ್ದರು. ಆದರೆ ಸುಮ್ಮನೆ "ಬರ್ತೀನಿ" ಎಂದರೆ ಹಟಮಾರಿ ಎಂದಾರು, ಪುರಾವೆ ಬೇಕು ಎಂದುಕೊಂಡೆ. ಹಾಗಾಗಿ ಮದುವೆಯ ಮರುದಿನವೇ ಪುರಾವೆ ಕೂಡಿಹಾಕಲು ಕೂತೆ.

ಕಾಕಾ ಆಗ ಕಂಪನಿಗಳ ಇಂಜಿನಿಯರುಗಳನ್ನು ಕರೆದೊಯ್ಯುವ ಬಿಳಿ ಸುಮೊ ಓಡಿಸುತ್ತಿದ್ದರು. ಬೆಳಿಗ್ಗೆ ಐದೂ ನಲವತ್ತಕ್ಕೆ ಮೊದಲ ಪಿಕಪ್. ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ, ನಿನ್ನೆಯ ಬಂಡೆ ಇಂದು ಗೇಟಾಗಿರುತ್ತಿತ್ತು. "ಯಾದಗಿರಿ ಮಂದಿ ಕಟ್ತಾರ, ಮೈಸೂರು ಮಂದಿ ಒಳಗ ಕೂಡ್ತಾರ, ನಡುವ ನಾ ಒಬ್ಬ ಬೀದರಿನವ ತಿರಗಲಕತ್ತೀನಿ" ಎಂದು ಕಾಕಾ ನಗುತ್ತಿದ್ದರು. ಏಜೆನ್ಸಿ ಅವರಿಗೆ ಟ್ರಿಪ್ ಶೀಟುಗಳ ದಪ್ಪ ಕಟ್ಟನ್ನು ಕೊಡುತ್ತಿತ್ತು. ನಾನು ನೋಟುಬುಕ್ಕು ಕೇಳಿದಾಗ ಅದರಿಂದ ಇಪ್ಪತ್ತು ಹಾಳೆ ಎಳೆದು, "ಇದರ ಹಿಂದ ಬರಿ ಬಾಳಾ, ಕೋರಾ ಅದ, ಏನೂ ಬರದಿಲ್ಲ" ಎಂದರು. ತಮ್ಮ ವಿರುದ್ಧದ ದಾಖಲೆಗೆ ಕಾಗದ ಒದಗಿಸಿದವರು ಅವರೇ.

ಬರೆಯಲು ಹೆದರಿಕೆಯೂ ಇರಲಿಲ್ಲ. ಕಾಕಾ ಓದಿದ್ದು ಮರಾಠಿ ಶಾಲೆಯಲ್ಲಿ, ಏಳನೆಯವರೆಗೆ. ಗಡಿಯ ಊರುಗಳಲ್ಲಿ ಇದು ಮಾಮೂಲು: ಬಾಯಲ್ಲಿ ಕನ್ನಡ, ಕಣ್ಣಿಗೆ ಮಾತ್ರ ಕನ್ನಡ ಬರುವುದಿಲ್ಲ. ಅವ್ವನಿಗೆ ಓದಲು ಬರುತ್ತಿತ್ತು, ಆದರೆ ಬೆಳಿಗ್ಗೆ ಎಂಟೂವರೆಗೆ ಬಸ್ಸು ಹಿಡಿದು ಹೋದರೆ ಸಂಜೆ ಏಳಕ್ಕೆ ಬರುವವಳಿಗೆ ಮಗಳ ರಫ್ ಹಾಳೆ ಓದುವ ಪುರಸೊತ್ತು ಎಲ್ಲಿ? ನಾಚಾರಂನಲ್ಲಿ ಕನ್ನಡ ಬರಹ ಎಂದರೆ ಬೀಗ ಹಾಕಿದ ಪೆಟ್ಟಿಗೆಯಷ್ಟೇ ಭದ್ರ.

ಎಡಗಡೆ ತಪ್ಪು, ಬಲಗಡೆ ಸರಿ. ಒಂದೇ ಕಾಲಂ ಇಟ್ಟರೆ ನ್ಯಾಯವಾಗಿ ಕಾಣುವುದಿಲ್ಲವೆಂದು ಎರಡನೆಯದನ್ನು ಇಟ್ಟಿದ್ದೆ. ಆದರೆ ಅದಕ್ಕೆ ಒಂದು ನಿಯಮವಿತ್ತು: ಅವ್ವನ ಎದುರು ಮಾಡಿದ್ದು ಸರಿಯ ಕಾಲಂಗೆ ಸೇರುವುದಿಲ್ಲ. ಹನ್ನೊಂದು ವರ್ಷದವಳ ಈ ಕಟ್ಟುನಿಟ್ಟಿಗೆ ನನಗೆ ಈಗಲೂ ಸ್ವಲ್ಪ ಮೆಚ್ಚುಗೆ, ಸ್ವಲ್ಪ ನಾಚಿಕೆ.

ತಪ್ಪುಗಳು ಎಂಥವು ಎನ್ನುತ್ತೀರಾ? ಚಹವನ್ನು ಕಪ್ಪಿನಿಂದ ಬಸಿಗೆ ಸುರಿದು ಸುರ್ ಎಂದು ಕುಡಿದದ್ದು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಚಳಿಗಾಲದಲ್ಲಿ ಸ್ಟಾರ್ಟ್ ಆಗದ ಗಾಡಿಯಂತೆ ಸದ್ದು ಮಾಡಿದ್ದು. ನಾನು ಓದುವ ಕುರ್ಚಿಗೆ ಬನಿಯನ್ ಒಣಹಾಕಿದ್ದು. ಕೇಳದಿದ್ದರೂ ಯಾವ ರಸ್ತೆಯಲ್ಲಿ ಎಷ್ಟು ಟ್ರಾಫಿಕ್ ಇತ್ತೆಂದು ಹೇಳಿದ್ದು. ನನ್ನನ್ನು ಎಳೆಯ ಮಗುವಿನಂತೆ, ಮರಾಠಿಯಲ್ಲಿ, ಬಾಳಾ ಎಂದದ್ದು. ಇವೆಲ್ಲಕ್ಕಿಂತ ಹೆಚ್ಚು ಸಲ ಬರೆದದ್ದು ಒಂದಿತ್ತು: "ರಸ್ತೆ ದಾಟುವಾಗ ಗೆಳತಿಯರ ಎದುರು ನನ್ನ ಮುಂಗೈ ಹಿಡಿದರು." ಕಾಕಾ ಮೊದಲ ಟ್ರಿಪ್ ಮುಗಿಸಿ ಬಂದ ದಿನಗಳಲ್ಲಿ ನನ್ನನ್ನು ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದರು. ಗಾಡಿಯಲ್ಲಿ ಕೂರಿಸುವಂತಿಲ್ಲ, ಕಿಲೋಮೀಟರು ಟ್ರಿಪ್ ಶೀಟಿಗೆ ತಾಳೆಯಾಗಬೇಕು. ನಾಚಾರಂನ ಮುಖ್ಯ ರಸ್ತೆಯಲ್ಲಿ ಕಾರ್ಖಾನೆಗಳ ಲಾರಿಗಳು ಸಾಲಾಗಿ ಬರುತ್ತವೆ. ಅಲ್ಲಿ ಅವರು ನನ್ನ ಮುಂಗೈಯನ್ನು, ಗೇರು ಹಿಡಿದಂತೆ, ಗಟ್ಟಿಯಾಗಿ ಹಿಡಿದುಬಿಡುತ್ತಿದ್ದರು. ಆರನೇ ತರಗತಿಯ ಹುಡುಗಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಈಗ ಯೋಚಿಸಿದರೆ ಅನಿಸುತ್ತದೆ: ಹೆತ್ತ ತಂದೆಗೆ ಚಹ ಸುರಿಯುವ ಹಕ್ಕು ಹುಟ್ಟಿನಿಂದಲೇ ಬಂದಿರುತ್ತದೆ, ಯಾರೂ ಎಣಿಸುವುದಿಲ್ಲ. ನನ್ನ ಅಪ್ಪನೂ ಬಸಿಯಲ್ಲೇ ಕುಡಿಯುತ್ತಿದ್ದನಂತೆ, ಅವ್ವ ಹೇಳಿದ್ದಾಳೆ. ಮಲತಂದೆ ಮಾತ್ರ ತನ್ನ ಮನೆಯಲ್ಲಿ ಬನಿಯನ್ ಒಣಹಾಕಲಿಕ್ಕೂ ಜಾಗ ಸಂಪಾದಿಸಬೇಕು. ಮಲತಾಯಿಗೆ ಅಜ್ಜಿಯರ ಕಥೆಗಳಲ್ಲಿ ಕೆಟ್ಟದ್ದಾದರೂ ಒಂದು ಪಾತ್ರವಿದೆ. ಮಲತಂದೆಗೆ ಅದೂ ಇಲ್ಲ. ಅವನು ಹೇಗಿರಬೇಕು, ಹೇಗಿರಬಾರದು ಎಂದು ಯಾವ ಅಜ್ಜಿಯೂ ಹೇಳಿಹೋಗಿಲ್ಲ.

ಒಂದು ಹಾಳೆಗೆ ಇಪ್ಪತ್ತು ದಿನ. ನಾಲ್ಕು ಹಾಳೆ ತುಂಬಿದಾಗ ತಪ್ಪು ನೂರಾ ಹದಿನೆಂಟು, ಸರಿ ಒಂಬತ್ತು. ಐದನೆಯ ಹಾಳೆ ತುಂಬುವ ಹೊತ್ತಿಗೆ ಅದು ಕಾಣೆಯಾಯಿತು. ಅವ್ವ ಹಾಳೆಗಳಿದ್ದ ಗೋಡೆಯ ಮಾಡ ಒರೆಸುವಾಗ ಎತ್ತಿ ಎಲ್ಲೋ ಇಟ್ಟಿದ್ದಳು, ಎಲ್ಲಿ ಎಂದು ಅವಳಿಗೇ ನೆನಪಿಲ್ಲ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. "ಒಂದ್ ಹಾಳಿ ಸಲ್ಯಾಕ ಇಷ್ಟ್ ರಂಪಾಟ? ಅದರಾಗೇನ್ ಬಂಗಾರ ಸುತ್ತಿಟ್ಟಿದ್ದೇನ?" ಎಂದು ಅವ್ವ ರೇಗಿದಳು. ಅದರಲ್ಲಿ ಎಷ್ಟಿತ್ತೆಂದು ಅಂದಾಜಿನಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಅಂದಾಜು ಎಂದರೆ ಸುಳ್ಳು. "ಹಾಳೆ ೫ ಕಾಣೆ" ಎಂದು ಕೆಂಪು ಶಾಯಿಯಲ್ಲಿ ಬರೆದು ಮುಂದುವರಿದೆ.

ಆಮೇಲೆ ವಿಚಿತ್ರವೊಂದು ನಡೆಯಿತು. ತಪ್ಪುಗಳು ನಿಂತುಹೋದವು. ಚಹ ಲೋಟದಿಂದಲೇ, ಸದ್ದಿಲ್ಲದೆ. ಮುಕ್ಕಳಿಸುವುದು ಓಣಿಯ ಕೊನೆಯ ನಲ್ಲಿಯಲ್ಲಿ. ಕುರ್ಚಿ ಖಾಲಿ. ಗಾಡಿ ಸರ್ವಿಸಿಗೆ ಹೋಗಿದೆ ಎಂದು ಕಾಕಾ ಎರಡು ದಿನ ಮನೆಯಲ್ಲೇ ಇದ್ದರು. ಆ ದಿನಗಳ ನಮೂದು ಹೀಗಿದೆ: "ತಪ್ಪು ಸೊನ್ನೆ. ಅನುಮಾನ ಬರುತ್ತಿದೆ." ಬಾಳಾ ಎನ್ನುವುದನ್ನೂ ಬಿಟ್ಟರು. ನನ್ನನ್ನು ಹೇಗೆ ಕರೆಯಬೇಕೆಂದು ತಿಳಿಯದೆ ಒಮ್ಮೊಮ್ಮೆ ಕೆಮ್ಮಿ ಕರೆಯುತ್ತಿದ್ದರು. ಮುಂಗೈ ಹಿಡಿಯುವುದು ಮಾತ್ರ ನಿಲ್ಲಲಿಲ್ಲ. ಯುಗಾದಿಯವರೆಗೆ ಬರೆದ ಮಿಕ್ಕ ತೊಂಬತ್ತನಾಲ್ಕು ತಪ್ಪುಗಳಲ್ಲಿ ಎಂಬತ್ತೆಂಟು ಅದೇ. ಉಳಿದ ಆರರಲ್ಲಿ ಮೂರು ಬರೀ ಸೀನಿದ್ದಕ್ಕೆ, ಅವನ್ನು ಎಣಿಸಬಾರದಿತ್ತು.

ಯುಗಾದಿಯ ದಿನ ಹನ್ನೊಂದು ಗಂಟೆಗೆ ದೊಡ್ಡಪ್ಪ ಬಂದ. ಬೇವುಬೆಲ್ಲ ಆಯಿತು, ಹೋಳಿಗೆ ಊಟ ಆಯಿತು. ಮನೆಯ ಒಂದೇ ಕುರ್ಚಿಯಲ್ಲಿ ದೊಡ್ಡಪ್ಪ, ಮಂಚದ ತುದಿಯಲ್ಲಿ ಕಾಕಾ, ಅಡುಗೆ ಕೋಣೆಯ ಹೊಸ್ತಿಲಲ್ಲಿ ಅವ್ವ. ಅವ್ವ ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿರಲಿಲ್ಲ. ನಾನು ಅದನ್ನೂ ಗಮನಿಸಿದ್ದೆ, ಆದರೆ ಅದಕ್ಕೆ ಕಾಲಂ ಇರಲಿಲ್ಲ.

"ಹೂಂ, ಹೇಳವ್ವ," ಎಂದ ದೊಡ್ಡಪ್ಪ. "ಬರ್ತೀ, ಇರ್ತೀ?"

"ಮೊದಲ ಇದನ್ನ ಕೇಳು ದೊಡ್ಡಪ್ಪ. ಕಾಕಾಂದು ತಪ್ಪು ಎಷ್ಟು, ಸರಿ ಎಷ್ಟು, ಎಲ್ಲಾ ಬರದೀನಿ."

ಅವ್ವನ ಮುಖ ಬಿಳಿಚಿತು. "ಏ, ಹುಚ್ಚಿ! ಹಬ್ಬದ ದಿನ ಏನ್ ಹಚ್ಚೀದಿ? ಇಡು ಅದನ್ನ ಒಳಗ!"

"ಓದ್ಲಿ ಬಿಡು," ಎಂದರು ಕಾಕಾ. "ವರ್ಷಪೂರ್ತಿ ಕುಂತು ಬರದಾಳ. ನಡುವ ಯಾರೂ ಬಾಯಿ ಹಾಕಬ್ಯಾಡ್ರಿ."

ನಾನು ಓದಿದೆ. ಮೊದಮೊದಲು ದೊಡ್ಡಪ್ಪ ಮೀಸೆಯೊಳಗೆ ನಗುತ್ತಿದ್ದ, ಆಮೇಲೆ ನಗು ನಿಂತಿತು. ನನ್ನ ದನಿಯೂ ಮೂರನೇ ಹಾಳೆಯಿಂದ ಸಣ್ಣದಾಯಿತು. ಕಾಗದದ ಮೇಲೆ ದೊಡ್ಡದಾಗಿ ಕಂಡದ್ದು ಬಾಯಿಬಿಟ್ಟು ಓದಿದಾಗ ಬಹಳ ಚಿಕ್ಕದಾಗಿ ಕೇಳುತ್ತಿತ್ತು. ಆದರೂ ಬಿಡದೆ ಮುಗಿಸಿದೆ.

"ಒಟ್ಟು ತಪ್ಪು ಇನ್ನೂರಾ ಹನ್ನೆರಡು. ಸರಿ ಮೂವತ್ತೆಂಟು. ಐದನೇ ಹಾಳಿ ಕಳದದ, ಅದನ್ನ ಹಿಡಿದಿಲ್ಲ."

ಕಾಕಾ ಎದ್ದು ಹೊರಗೆ ಹೋದರು. ಹೊರಟೇ ಹೋದರೇನೋ ಎಂದುಕೊಂಡೆ. ಗಾಡಿಯ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಮರಳಿ ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆಯ ಒಂದು ಹಾಳೆ ಇತ್ತು.

"ಇದು ನಿಂದೇ," ಎಂದರು. "ಇದರಾಗ ಇನ್ನ ಹತ್ತೊಂಬತ್ತು ಅವ. ಕೂಡ್ಸು. ಇನ್ನೂರಾ ಮೂವತ್ತೊಂದಾಗ್ತದ."

 ದೊಡ್ಡಪ್ಪ ಹಾಳೆಯ ಕಡೆ ಬಾಗಿ ಕೇಳಿದ: "ಬಾಬುರಾವ್, ನಿಮಗ ಕನ್ನಡ ಓದಾಕ ಬರ್ತದೇನ್ರಿ?"

"ಇಲ್ರಿ ಅಣ್ಣಾರ. ಗಾಡಿಯಾಗ ಒಬ್ಬರು ಮೈಸೂರು ಮೇಡಂ ಬರ್ತಾರ. ಅವರ ಕಡೆ ಓದಿಸೀನಿ."

ನಡೆದದ್ದಿಷ್ಟು. ಆ ಮೇಡಂ, ಅಶ್ವಿನಿ, ಮುಂದೆ ನಮ್ಮ ಮನೆಗೆ ಊಟಕ್ಕೆ ಬಂದಾಗ ನನಗೇ ಹೇಳಿದರು. ಅವ್ವ ಎತ್ತಿಟ್ಟ ಐದನೇ ಹಾಳೆ ಟ್ರಿಪ್ ಶೀಟುಗಳ ಕಟ್ಟಿಗೆ ಸೇರಿತ್ತು. ಬೆಳಗಿನ ಗಡಿಬಿಡಿಯಲ್ಲಿ ಕಾಕಾ ಅದನ್ನೇ ರಟ್ಟಿಗೆ ಸಿಕ್ಕಿಸಿಕೊಂಡು ಹೊರಟಿದ್ದರು. ಎಲ್ಲರೂ ಸಹಿ ಹಾಕಿದ ಮೇಲೆ ಕೊನೆಗೆ ಅಶ್ವಿನಿ ಅವರ ಕೈಗೆ ಬಂತು. "ಅಯ್ಯೋ, ಇದೇನ್ರೀ ಬಾಬುರಾವ್, ಹಿಂದ್ಗಡೆ ಕನ್ನಡದಲ್ಲಿ ಏನೇನೋ ಬರ್ದಿದೆ!" ಎಂದು ನಗುತ್ತಾ ಗಟ್ಟಿಯಾಗಿ ಓದಲು ಶುರುಮಾಡಿದರಂತೆ. ನಾಲ್ಕು ಸಾಲಿಗೇ ವಿಷಯ ತಿಳಿದು ನಿಲ್ಲಿಸಿದರು. ಕಾಕಾ ಗಾಡಿಯನ್ನು ಪಕ್ಕಕ್ಕೆ ಹಾಕಿ, "ಪೂರಾ ಓದ್ರಿ ಮೇಡಂ" ಎಂದರು. ಓದಿದ ಮೇಲೆ, "ಇನ್ನೊಮ್ಮೆ ಓದ್ರಿ" ಎಂದರು. ಆ ಹಾಳೆಯನ್ನು ಏಜೆನ್ಸಿಗೆ ಒಪ್ಪಿಸಲಿಲ್ಲ, ಕಳೆಯಿತು ಎಂದರು. ಟ್ರಿಪ್ ಶೀಟ್ ಕಳೆದರೆ ಶಿಕ್ಷೆ: ಎರಡು ದಿನ ಗಾಡಿ ಮುಟ್ಟುವಂತಿಲ್ಲ. ಸರ್ವಿಸಿಗೆ ಹೋಗಿದೆ ಎಂದಿದ್ದರಲ್ಲ, ಆ ಎರಡು ದಿನ.

ಯುಗಾದಿಯ ಆ ಮಧ್ಯಾಹ್ನ ಇದೆಲ್ಲ ನನಗೆ ಗೊತ್ತಿರಲಿಲ್ಲ. ಒಂದೇ ಪ್ರಶ್ನೆ ಹೊಳೆದದ್ದು.

"ಮತ್ತ ಇಷ್ಟ್ ದಿನ ಯಾಕ ಕೊಡ್ಲಿಲ್ಲ?"

"ಕೊಟ್ಟಿದ್ರ ನನಗ ಗೊತ್ತಾಗ್ಯದ ಅಂತ ನಿನಗ ತಿಳೀತಿತ್ತು. ಆಮ್ಯಾಲ ನೀ ಹೆದರಿ ಬರೀತಿದ್ದಿ, ಇಲ್ಲಾ ಅಯ್ಯೋ ಅಂತ ಬರೀತಿದ್ದಿ. ಖರೇ ಬರೀತಿದ್ದಿಲ್ಲ."

"ಕೈ ಹಿಡಿಯೋದೂ ಇದರಾಗ ಬರದದಲ್ಲ. ಎಲ್ಲಾ ಬಿಟ್ರಿ, ಅದೊಂದ್ ಯಾಕ ಬಿಡ್ಲಿಲ್ಲ?"

ಕಾಕಾ ತಮ್ಮ ಅಂಗೈ ನೋಡಿಕೊಂಡರು. "ನಾ ಸುಮೊ ಹಿಡಿಯೂಕಿಂತ ಮೊದಲ ಎಂಟ್ ವರ್ಷ ಲಾರಿ ಹೊಡದೀನಿ. ಮ್ಯಾಲ ಕುಂತವಗ ನಿನ್ನಷ್ಟೆತ್ತರದ ಹುಡುಗರು ಕಾಣಂಗಿಲ್ಲ ಬಾಳಾ. ಬಾನೆಟ್ ಅಡ್ಡ ಬರ್ತದ. ನಿನಗ ಗೊತ್ತಿಲ್ಲ ಅದು, ನನಗ ಗೊತ್ತದ." ಅಂಗೈ ಮುಚ್ಚಿಕೊಂಡು, "ಅದು ತಪ್ಪಿನ್ಯಾಗೇ ಇರ್ಲಿ. ನಾ ಬಿಡೂದಿಲ್ಲ" ಎಂದರು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ. "ಇನ್ನೂರಾ ಮೂವತ್ತೊಂದು, ಮೂವತ್ತೆಂಟು. ನೀ ಬರದದ್ದು ನೋಡಿದ್ರ ನೀ ನನ್ನ ಜೋಡಿ ಹೊಂಡಬೇಕು. ನಿನ್ನ ಬಟ್ಟಿ ಅರಿವಿ ಗಂಟು ಕಟ್ಟಲೇನು?"

ಹೊಸ್ತಿಲಲ್ಲಿ ಅವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಕಾಕಾ ಯಾರ ಕಡೆಗೂ ನೋಡದೆ ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡುತ್ತಿದ್ದರು. ನಾನು ಹಾಳೆಗಳನ್ನು ಅಂಚು ಕೂಡಿಸಿ, ಐದನೆಯದನ್ನು ಅದರ ಜಾಗಕ್ಕೆ ಸೇರಿಸಿದೆ. ಬೇಕೆಂದೇ ನಿಧಾನ ಮಾಡಿದೆ.

"ಒಂದ್ ವರ್ಷದ್ದು ಸಾಲಂಗಿಲ್ಲ ದೊಡ್ಡಪ್ಪ," ಎಂದೆ. "ಇನ್ನೊಂದ್ ವರ್ಷ ಬರದು ನೋಡ್ತೀನಿ."

ದೊಡ್ಡಪ್ಪ ನಕ್ಕ ರಭಸಕ್ಕೆ ಕುರ್ಚಿ ಕಿರುಗುಟ್ಟಿತು. "ಶಾಣ್ಯಾಳು! ಥೇಟ್ ನಮ್ಮ ತಮ್ಮನ ಮಗಳು!" ಅವ್ವ ಒಳಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದಳು. ಎರಡನೇ ವರ್ಷ ನಿಜವಾದ ನೋಟುಬುಕ್ಕಿನಲ್ಲಿ ಬರೆದೆ. ದೀಪಾವಳಿಯ ಹೊತ್ತಿಗೆ ಕಾಲಂಗಳು ಬೇಸರ ತಂದು, ಶಾಲೆಯ ಸುದ್ದಿ, ಮಳೆಯ ಸುದ್ದಿ ಸೇರಿಕೊಂಡವು. ಮುಂದಿನ ಯುಗಾದಿಗೆ ದೊಡ್ಡಪ್ಪ ಬಂದಾಗ ಯಾರೂ ಏನೂ ಕೇಳಲಿಲ್ಲ.

ಇಷ್ಟನ್ನು ನಾನು ಹಲವರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ನಾನೇ ತೀರ್ಪು ಕೊಟ್ಟವಳಂತೆ ಸ್ವಲ್ಪ ಬೀಗಿದ್ದೇನೆ ಕೂಡ. ಕೇಳದೇ ಉಳಿದಿದ್ದ ಒಂದು ಪ್ರಶ್ನೆ ಇಂದು ಬೆಳಿಗ್ಗೆ ಕ್ಯಾಬಿನಲ್ಲಿ ಕೂತಾಗ ಹೊಳೆಯಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಾಕಾಗೆ ಫೋನು ಮಾಡಿದೆ. ಅವರು ಈಗ ಗಾಡಿ ಬಿಟ್ಟು, ಏಜೆನ್ಸಿಯಲ್ಲಿ ಹುಡುಗರಿಗೆ ಡ್ಯೂಟಿ ಹಂಚುತ್ತಾರೆ.

"ಕಾಕಾ, ಆ ಯುಗಾದಿಗಿ ನಾ ದೊಡ್ಡಪ್ಪನ ಜೋಡಿ ಹೊಂಟಿದ್ರ ಏನ್ ಮಾಡ್ತಿದ್ರಿ?"

"ಏನ್ ಮಾಡೂದು? ಬಸ್ ಸ್ಟ್ಯಾಂಡಿಗಿ ಬಿಟ್ಟ ಬರ್ತಿದ್ದೆ."

"ಆಮ್ಯಾಲ?"

"ಆಮ್ಯಾಲ ಐತವಾರ ಐತವಾರ ನಿಮ್ಮವ್ವನ್ನ ಕರ್ಕೊಂಡ್ ಬರ್ತಿದ್ದೆ ಹುಮನಾಬಾದಕ. ಐತವಾರ ರಜಾ ತೊಗೊಂಡಿದ್ದೆನಲ್ಲ ಅದಕ್ಕಂತೇ. ಯಾವ ಡ್ರೈವರೂ ಐತವಾರ ಬಿಟ್ಟುಕೊಡಂಗಿಲ್ಲ. ನಮ್ಮ ಜೋಡಿ ಗಾಡಿ ಹೊಡಿಯೋ ರಮೇಶಗ ದಸರಾ, ದೀಪಾವಳಿ ಎರಡೂ ನಿನ್ನ ಡ್ಯೂಟಿ ನಾ ಮಾಡ್ತೀನಂತ ಮಾತ್ ಕೊಟ್ಟು ಅವನ ಐತವಾರ ತೊಗೊಂಡೆ. ಯುಗಾದಿಗಿ ಹದಿನೈದ್ ದಿನ ಮೊದಲ. ಮುಂಜಾನೆ ಆರೂ ಹತ್ತಕ್ಕ ಬಸ್ ಇತ್ತು, ಕೇಳಿ ಇಟ್ಟಿದ್ದೆ."

"ನಾ ಹೋಗ್ಲಿಲ್ಲಲ್ಲ ಕಾಕಾ. ರಮೇಶಗ ಬ್ಯಾಡ ಅನಬೇಕಿತ್ತು."

"ಮಾತ್ ಕೊಟ್ಟಮ್ಯಾಲ ಬ್ಯಾಡ ಅನ್ನಾಕ ಬರ್ತದೇನ? ಯಾಕ, ಈಗ್ಯಾಕ ನೆಪ್ಪಾಯ್ತು? ಊಟಾ ಮಾಡೀ ಇಲ್ಲೋ?"

ಸಂಜೆ ಮನೆಗೆ ಬಂದು ಎರಡನೇ ವರ್ಷದ ನೋಟುಬುಕ್ಕು ತೆಗೆದೆ. ಕಾಲಂಗಳ ಕೊನೆಯ ಪುಟಗಳಲ್ಲಿ, ದೀಪಾವಳಿಯ ತಾರೀಖಿನ ಎದುರು, ಎಡಗಡೆ, ದುಂಡಗಿನ ಅಕ್ಷರದಲ್ಲಿ ಇತ್ತು: "ಹಬ್ಬದ ದಿನವೂ ಮನೆಯಲ್ಲಿ ಇರಲಿಲ್ಲ. ತಪ್ಪು."

ಹೊಡೆದು ಹಾಕಲಿಲ್ಲ. ದಿನಚರಿಯಲ್ಲಿ ಒಮ್ಮೆ ಬರೆದದ್ದನ್ನು ಹೊಡೆದು ಹಾಕುವ ರೂಢಿ ನನಗಿಲ್ಲ. ಅದರ ಪಕ್ಕದಲ್ಲಿ, ಬಲಗಡೆ, ಸರಿಯ ಕಾಲಂನಲ್ಲಿ ಇಂದಿನ ತಾರೀಖು ಹಾಕಿ ಬರೆದೆ: ಭಾನುವಾರ, ಬೆಳಿಗ್ಗೆ ಆರು ಹತ್ತು. ಹುಮನಾಬಾದಿನ ಬಸ್ಸು. ಅವ್ವ, ಕಾಕಾ, ಇಬ್ಬರು.